ಎದ್ದು ನಿಂತ ಹುಡುಗ

ಕಬಡ್ಡಿ ಅಂಕಣದಲ್ಲಿ ಬಿದ್ದ ಹುಡುಗ ಎದ್ದು ನಿಂತರೆ ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ಎಷ್ಟೋ ಸಲ ತಟ್ಟಿದ್ದೇನೆ. ಹಿಂದೂಪುರದಿಂದ ಮಡಕಶಿರಾ ಕಡೆ, ಕಲ್ಯಾಣದುರ್ಗದಿಂದ ಕುಂದುರ್ಪಿ, ಶೆಟ್ಟೂರು ಕಡೆ ಹೋಗುವ ದಾರಿಯ ಊರುಗಳಲ್ಲಿ ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ಕಬಡ್ಡಿಯೂ ಶುರು. ಹಳಬರು ಇದನ್ನು ಇವತ್ತಿಗೂ ಚೆಡುಗುಡು ಅನ್ನುತ್ತಾರೆ. ಫ್ಲೆಕ್ಸಿನ ಮೇಲೆ ಸಂಜೆ ಆರು ಗಂಟೆ ಅಂತ ಬರೆದಿರುತ್ತದೆ, ಮೊದಲ ಸೀಟಿ ಊದುವಾಗ ರಾತ್ರಿ ಒಂಬತ್ತಾಗಿರುತ್ತದೆ. ಮೈಕು ಹಿಡಿದವನು ತೆಲುಗಿನಲ್ಲಿ ಆರಂಭಿಸಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾನೆ. ಪಾವಗಡದಿಂದ ಬಂದವರಿಗೂ ರೊಳ್ಳ, ಅಗಳಿ ಕಡೆಯಿಂದ ಬಂದವರಿಗೂ ಎರಡೂ ಅರ್ಥವಾಗುತ್ತವೆ. ನಾಲ್ಕು ಮೂಲೆಗೆ ನೆಟ್ಟ ಕಂಬಗಳ ಮೇಲೆ ದೀಪ, ಸುತ್ತ ಬಿದಿರು ಕಟ್ಟಿ ಎಳೆದ ಹಗ್ಗ, ಹಗ್ಗಕ್ಕೆ ಎದೆ ಆನಿಸಿ ನಿಂತ ಜನ, ಬೇವಿನ ಮರದ ಮೇಲೆ ಹತ್ತಿ ಕೂತ ಮಕ್ಕಳು.

ಇಂಥ ಒಂದು ರಾತ್ರಿ ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹದಿನೇಳೋ ಹದಿನೆಂಟೋ ವಯಸ್ಸಿನ ಸಣಕಲು ಹುಡುಗ ರೈಡಿಗೆ ಹೋದ. ಬಲಮೂಲೆಯವನು ಹಿಮ್ಮಡಿಗೆ ಕೈಹಾಕಿದ. ಹುಡುಗ ಕಾಲು ಕಿತ್ತುಕೊಂಡು ಗೆರೆಯ ಕಡೆ ಜಿಗಿಯುವಷ್ಟರಲ್ಲಿ ಇನ್ನೊಬ್ಬ ಅಡ್ಡ ಬಂದು ಸೊಂಟಕ್ಕೆ ಡ್ಯಾಶ್ ಕೊಟ್ಟ, ಉಳಿದ ಮೂವರು ಮೇಲೆ ಬಿದ್ದರು. ಧೂಳು ಎದ್ದು ದೀಪದ ಬೆಳಕೇ ಕೆಂಪಾಯಿತು. ಎಲ್ಲರೂ ಎದ್ದ ಮೇಲೆ ಅವನೊಬ್ಬ ಮಲಗಿಯೇ ಇದ್ದ. ಯಾರೋ ಸೋಡಾ ಬಾಟಲಿ ತಂದು ಮುಖಕ್ಕೆ ಚಿಮುಕಿಸಿದರು. ಅವನ ಕಡೆಯ ಮ್ಯಾನೇಜರ್ ಓಡಿಬಂದು, ಎರಡು ಕಂಕುಳಿಗೂ ಕೈಕೊಟ್ಟು ಎತ್ತಿ, "ಏನಾಗಿಲ್ಲ ಕಣಪ್ಪ, ನಿಂತ್ಕೋ, ನಿಂತ್ಕೋ" ಅಂದರು. ಹುಡುಗ ನಿಂತ. ಅಂಗೈ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡ. ಜನ ಶಿಳ್ಳೆ ಹಾಕಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು, ಆಟ ಮುಂದುವರಿಯಿತು. ಆ ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಏನೂ ಆಗಿಲ್ಲ ಎಂದು ಆ ಹೊತ್ತಿನಲ್ಲಿ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಎದ್ದು ನಿಂತ ಅನ್ನುವುದನ್ನೇ ನಾವು ವೈದ್ಯರ ಸರ್ಟಿಫಿಕೇಟ್ ಥರ ತಗೊಂಡಿದ್ದೆವು.

ಜನವರಿ 2021ರಲ್ಲಿ ನಮ್ಮ ಪಕ್ಕದ ಕಡಪ ಜಿಲ್ಲೆಯ ವಲ್ಲೂರು ಮಂಡಲದ ಒಂದು ಹಳ್ಳಿಯಲ್ಲಿ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಸ್ನಾತಕೋತ್ತರ ಓದುತ್ತಿದ್ದ ಯುವಕನೊಬ್ಬ ರೈಡಿಗೆ ಹೋದ, ಎದುರಾಳಿಗಳು ಕೆಡವಿ ಹಿಡಿದರು. ಅವನು ಏಳಲು ಹೋದವನು ಕುಸಿದ, ಮತ್ತೆ ಏಳಲಿಲ್ಲ. ಜುಲೈ 2022ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಪಣ್‌ರುಟಿ ಹತ್ತಿರದ ಹಳ್ಳಿಯೊಂದರಲ್ಲಿ 22 ವರ್ಷದ ಕಾಲೇಜು ಹುಡುಗನಿಗೂ ಹಾಗೇ ಆಯಿತು. ಹಿಡಿಯಲು ಬಂದವನ ಮೊಣಕಾಲು ಎದೆಯ ಮೇಲೆ ಊರಿತು, ಅವನು ಏಳಲು ನೋಡಿದ, ಬಿದ್ದುಬಿಟ್ಟ. ಮೊಬೈಲಿನಲ್ಲಿ ಯಾರೋ ತೆಗೆದ ಆ ವಿಡಿಯೊ ದೇಶವೆಲ್ಲ ಓಡಾಡಿತು. ಅವನು ಗೆದ್ದಿದ್ದ ಕಪ್ ಅನ್ನು ಅವನ ಜೊತೆಗೇ ಮಣ್ಣು ಮಾಡಿದರು. ಎರಡು ಊರು, ಎರಡು ಭಾಷೆ, ನಡುವೆ ಒಂದೂವರೆ ವರ್ಷ. ಎರಡೂ ಕಡೆ ಏಳುವ ಆ ಪ್ರಯತ್ನ ಇತ್ತು. ಆ ಅರೆಕ್ಷಣದಲ್ಲಿ ಸುತ್ತ ನಿಂತವರ ಉಸಿರು ಹಗುರಾಗಿರಬೇಕು.

ಎದೆಗೆ ಪೆಟ್ಟು ಬಿದ್ದರೆ ಗಟ್ಟಿಮುಟ್ಟಾದ ಹೃದಯ ನಿಲ್ಲುವುದು ಹೇಗೆ? ಆ ಇಬ್ಬರ ವಿಷಯದಲ್ಲಿ ತೀರ್ಪು ಹೇಳುವುದು ಮರಣೋತ್ತರ ಪರೀಕ್ಷೆ ಮಾಡಿದವರ ಕೆಲಸ. ಆದರೆ ಇಂಥ ಸಾವುಗಳಲ್ಲಿ ಒಂದು ಬಗೆಯನ್ನು ವೈದ್ಯಶಾಸ್ತ್ರ ಚೆನ್ನಾಗಿ ಅರಿತಿದೆ. ಅದರ ಹೆಸರು ಕಮೋಷಿಯೊ ಕಾರ್ಡಿಸ್. ಹೃದಯದ ಪ್ರತಿ ಬಡಿತಕ್ಕೂ ಒಂದು ವಿದ್ಯುತ್ ಅಲೆ ಇದೆ. ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಅದು ಸಜ್ಜಾಗುವಾಗ, ಒಂದು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಹೊತ್ತು, ಅದು ತೀರಾ ನಾಜೂಕಾಗಿರುತ್ತದೆ. ಸರಿಯಾಗಿ ಆ ಗಳಿಗೆಗೆ, ಸರಿಯಾಗಿ ಹೃದಯದ ನೇರಕ್ಕೆ ಪೆಟ್ಟು ಬಿದ್ದರೆ ಬಡಿತದ ಲಯ ಹರಿದು ಹೃದಯ ಬರೀ ನಡುಗತೊಡಗುತ್ತದೆ. ಪೆಟ್ಟು ದೊಡ್ಡದಾಗಿರಬೇಕೆಂದಿಲ್ಲ, ಪಕ್ಕೆಲುಬು ಮುರಿಯಬೇಕೆಂದಿಲ್ಲ, ಮೊದಲಿನಿಂದ ಹೃದಯದ ಕಾಯಿಲೆ ಇರಬೇಕೆಂದೂ ಇಲ್ಲ. ಹೀಗೆ ಹೋದವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗರು. ಅವರ ಎದೆಗೂಡು ಇನ್ನೂ ಮೆತ್ತಗಿರುವುದೇ ಕಾರಣ ಅನ್ನುತ್ತಾರೆ. ಕೆಲವರು ಪೆಟ್ಟು ಬಿದ್ದ ಮೇಲೂ ಎರಡು ಹೆಜ್ಜೆ ನಡೆಯುತ್ತಾರೆ, ಏಳಲು ನೋಡುತ್ತಾರೆ, ಆಮೇಲೆ ಬೀಳುತ್ತಾರೆ.

ಆಗ ಉಳಿಸುವುದು ಎರಡೇ. ಎದೆಯ ನಡುವೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರುವುದು, ಮತ್ತು ಡಿಫಿಬ್ರಿಲೇಟರ್ ಎಂಬ ಸಾಧನದಿಂದ ಶಾಕ್ ಕೊಟ್ಟು ಲಯವನ್ನು ಮರಳಿಸುವುದು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕರಗುತ್ತದೆ. ಸೋಡಾ ತರಲು ಎರಡು ನಿಮಿಷ, ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡಲು ಒಂದು ನಿಮಿಷ, ಆಟೋ ಹುಡುಕಲು ಹತ್ತು ನಿಮಿಷ. ಕಲ್ಯಾಣದುರ್ಗದಿಂದ ಅನಂತಪುರದ ದೊಡ್ಡಾಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ಲೆಕ್ಕ ಯಾರು ಬೇಕಾದರೂ ಹಾಕಬಹುದು. ಬದುಕಿಸುವ ಕೈ ಅಂಕಣದ ಪಕ್ಕದಲ್ಲೇ ಇರಬೇಕು. ಎದೆ ಒತ್ತುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು, ಎಂಟನೇ ತರಗತಿಯ ಹುಡುಗಿಯೂ ಕಲಿಯುತ್ತಾಳೆ.

ರಕ್ತ ಬಂದಿದ್ದರೆ ಮಾತ್ರ ನಮ್ಮ ಜನ ತಕ್ಷಣ ಆಟ ನಿಲ್ಲಿಸುತ್ತಾರೆ. ಹುಬ್ಬು ಒಡೆದು ನಾಲ್ಕು ಹನಿ ನೆತ್ತರು ಕಂಡರೆ ಸಾಕು, ಅರಿಶಿನ ತನ್ನಿ, ಬಟ್ಟೆ ತನ್ನಿ ಅಂತ ಹಗ್ಗ ದಾಟಿ ಹತ್ತು ಜನ ಒಳಗೆ ಬರುತ್ತಾರೆ. ರಕ್ತ ಕಂಡರಷ್ಟೇ ಗಾಯ ಅನ್ನುವ ನಂಬಿಕೆಗೆ ಈ ಸೀಮೆಯಲ್ಲಿ ಐನೂರು ವರ್ಷದ ಹಿನ್ನೆಲೆಯಿದೆ. ಹಿಂದೂಪುರದಿಂದ ಪೆನುಕೊಂಡ ಒಂದು ಗಂಟೆಯೊಳಗಿನ ದಾರಿ. 1565ರ ಯುದ್ಧ ಸೋತ ಮೇಲೆ ವಿಜಯನಗರದ ಅರಸರು ಬಂದು ನೆಲೆಯೂರಿದ ಊರು ಅದು. ಆ ಸಾಮ್ರಾಜ್ಯದ ಒಳ್ಳೆಯ ದಿನಗಳಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಕುಸ್ತಿ ನೋಡಿ ಬರೆದಿಟ್ಟ. ಹಲ್ಲು ಉದುರುವಂಥ, ಕಣ್ಣು ಹೋಗುವಂಥ ಹೊಡೆತಗಳು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದದ್ದು ಎಲ್ಲ ಅವನ ಬರಹದಲ್ಲಿದೆ. ಜೊತೆಗೇ ಇನ್ನೊಂದು ವಿಷಯವನ್ನೂ ಅವನು ಮರೆಯದೆ ದಾಖಲಿಸಿದ: ಕಾದುವವರನ್ನು ಸಮಜೋಡಿಯಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದಕ್ಕೂ ಅಲ್ಲಿ ತೀರ್ಪುಗಾರರು ಇದ್ದರು. ಪಯಸ್‌ನ ಬರಹದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇದೇ. ಅಷ್ಟು ಕ್ರೂರವಾದ ಆಟಕ್ಕೂ ನ್ಯಾಯ ನೋಡುವವನೊಬ್ಬ ಇದ್ದ.

ಪಯಸ್ ಆದಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಸ್, ಮುಷ್ಟಿಯಲ್ಲಿ ಮೊನೆಯುಳ್ಳ ಬಳೆ ಹಿಡಿದು ಹೊಡೆದಾಡುವ ಮಲ್ಲರ ವಿಷಯ ಬರೆದ. ಆ ಪದ್ಧತಿ ಮೈಸೂರಿನಲ್ಲಿ ಇನ್ನೂ ಬದುಕಿದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಕೆಲವು ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಕಾದಾಟಕ್ಕೆ ಇಂಥಲ್ಲಿಗೆ ಕೊನೆ ಎಂದು ಮೊದಲೇ ಗೆರೆ ಎಳೆದು, ಆ ಗೆರೆ ಬಂದಾಗ ಎಂಥ ಹುರುಪಿನಲ್ಲಿದ್ದರೂ ಕೈ ಇಳಿಸುವುದು ಆ ವಿದ್ಯೆಯ ಭಾಗ. ಅದನ್ನು ಕಟ್ಟಿದವರು ದಡ್ಡರಲ್ಲ. ನೆತ್ತಿಯ ಚರ್ಮ ಒಡೆದರೆ ನೆತ್ತರು ಎಲ್ಲರ ಕಣ್ಣಿಗೂ ಕಾಣುತ್ತದೆ, ಅಲ್ಲಿ ವಾದಕ್ಕೆ ಜಾಗವಿಲ್ಲ.

ಮನುಷ್ಯನನ್ನು ಹೆಚ್ಚಾಗಿ ಕೊಲ್ಲುವ ಗಾಯಗಳು ಹೊರಗೆ ಕಾಣುವುದಿಲ್ಲ ಅನ್ನುವುದೇ ಕಷ್ಟ. ಮಿದುಳು ತಲೆಬುರುಡೆಯೊಳಗೆ ನೀರಲ್ಲಿ ತೇಲುವ ಹಾಗಿರುತ್ತದೆ. ತಲೆ ನೆಲಕ್ಕೆ ಬಡಿದಾಗ, ಇಲ್ಲವೇ ದೇಹಕ್ಕೆ ಡ್ಯಾಶ್ ಬಿದ್ದು ಕತ್ತು ಜೋರಾಗಿ ತಿರುಗಿದಾಗ, ಬುರುಡೆ ನಿಂತರೂ ಒಳಗಿನ ಮಿದುಳು ತೂಗಿ ತಿರುಚುತ್ತದೆ. ನರಗಳು ಜಗ್ಗುತ್ತವೆ, ಅವುಗಳ ನಡುವಿನ ರಾಸಾಯನಿಕ ಸಮತೋಲ ತಪ್ಪುತ್ತದೆ. ಇದನ್ನೇ ಕನ್ಕಷನ್ ಅನ್ನುವುದು. ಎಚ್ಚರ ತಪ್ಪಬೇಕೆಂದಿಲ್ಲ. ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ಮಂಕಾಗಿ ನಿಲ್ಲುತ್ತಾರೆ, ದೀಪದ ಬೆಳಕು ಚುಚ್ಚುತ್ತದೆ ಅನ್ನುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ವಾಂತಿ ಮಾಡುತ್ತಾರೆ. ಅಂದೇ ಮತ್ತೆ ಆಡಲು ಬಿಟ್ಟು ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ದಿಢೀರನೆ ಊದಿಕೊಂಡು ಪ್ರಾಣ ಹೋಗಬಹುದು. ಎಳೆಯರಲ್ಲಿ ಈ ಅಪಾಯ ಜಾಸ್ತಿ. ಬುರುಡೆಯ ಒಳಗೋಡೆಯ ರಕ್ತನಾಳ ಹರಿದರೆ ಅದು ಇನ್ನೊಂದು ಬಗೆಯ ಮೋಸ. ಪೆಟ್ಟು ಬಿದ್ದವನು ಚೇತರಿಸಿಕೊಂಡು ಒಂದೆರಡು ಗಂಟೆ ಚೆನ್ನಾಗೇ ಇರುತ್ತಾನೆ, ಬಹುಮಾನ ವಿತರಣೆಯಲ್ಲಿ ಫೋಟೊಗೆ ನಿಲ್ಲುತ್ತಾನೆ, ತಲೆನೋವು ಅಂತ ಮಲಗುತ್ತಾನೆ. ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿರುತ್ತದೆ. ಬೆಳಗ್ಗೆ ಎಬ್ಬಿಸಲು ಹೋದವರಿಗೆ ಗೊತ್ತಾಗುತ್ತದೆ. ಹಿಂದೂಪುರದವರಿಗೆ ತಲೆಯ ಗಾಯವೆಂದರೆ ನೂರು ಕಿಲೋಮೀಟರಿಗೂ ಮೇಲಿನ ಬೆಂಗಳೂರಿನ ನಿಮ್ಹಾನ್ಸೇ ನೆನಪಾಗುತ್ತದೆ. ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಹೋಗುವಷ್ಟು ಸಮಯ ಕೈಯಲ್ಲಿ ಉಳಿದಿರಬೇಕಲ್ಲ.

ಇನ್ನು ಕತ್ತು. ರಾಶಿಯಲ್ಲಿ ಅಡಿಗೆ ಸಿಕ್ಕವನ ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ, ಅವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸುವುದೇ ಮಿದುಳುಬಳ್ಳಿಯನ್ನು ಕತ್ತರಿಸುವ ಕೆಲಸವಾಗಬಹುದು. ಕೈಕಾಲು ಜುಮ್ಮೆನ್ನುತ್ತಿದೆಯಾ ಎಂದು ಕೇಳುವ ಮುಂಚೆ ಅವನನ್ನು ಅಲುಗಾಡಿಸಕೂಡದು. ತಲೆಯನ್ನು ಎರಡೂ ಕೈಯಿಂದ ಹಿಡಿದು, ಇದ್ದ ಹಾಗೇ ಇಟ್ಟುಕೊಂಡು, 108ಕ್ಕೆ ಕಾಯಬೇಕು. ಪ್ರೀತಿಯಿಂದ ಎತ್ತುವ ಕೈಯೇ ಅಲ್ಲಿ ಅಪಾಯ. ಆ ರಾತ್ರಿ ನಾನು ನೋಡಿದ ಮ್ಯಾನೇಜರ್ ಮನೆಮಗನನ್ನು ಎತ್ತುವ ಹಾಗೆ ಎತ್ತಿದ್ದರು. ಅವರ ಅಕ್ಕರೆಯಲ್ಲಿ ಕಿಂಚಿತ್ತೂ ಕೊರತೆ ಇರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ಕಬಡ್ಡಿ ಒರಟು ಆಟ, ಪೆಟ್ಟು ಬೀಳದೆ ಇರುತ್ತದಾ ಅನ್ನುವವರಿಗೆ ಆ ಆಟದ ನಿಯಮಾವಳಿಯನ್ನೇ ತೋರಿಸಬೇಕು. ಅದನ್ನು ಬರೆದವರು ಮೈಯ ಬಗ್ಗೆ ಎಷ್ಟು ಯೋಚಿಸಿದ್ದಾರೆ ಅಂದರೆ ಉಗುರು ಕತ್ತರಿಸಿರಬೇಕು ಅನ್ನುವುದನ್ನೂ ಬಿಟ್ಟಿಲ್ಲ. ಮೈಗೆ ಎಣ್ಣೆ ಸವರಬಾರದು, ಒಡವೆ ಇರಬಾರದು. ರೈಡರ್ ಹೇಳುವ 'ಕಬಡ್ಡಿ ಕಬಡ್ಡಿ' ನಿಲ್ಲಿಸಲು ಬಾಯಿ ಮುಚ್ಚಬಾರದು, ಕುತ್ತಿಗೆ ಅಮುಕಬಾರದು, ಕಾಲುಗಳ ಕತ್ತರಿಯಲ್ಲಿ ಸಿಕ್ಕಿಸಬಾರದು, ಗಾಯವಾಗುವಂಥ ಹಿಂಸೆಯ ಹಿಡಿತ ಹಾಕಬಾರದು. ತಪ್ಪಿದರೆ ಹಸಿರು ಕಾರ್ಡಿನ ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ನೆಲದ ಬಗ್ಗೆಯೂ ಹೇಳಿದ್ದಾರೆ: ಸಮತಟ್ಟಾಗಿ ಮೆತ್ತಗಿರಬೇಕು, ಮಣ್ಣಿನ ಅಂಕಣವಾದರೆ ಮಣ್ಣಿಗೆ ಗೊಬ್ಬರ, ಮರದ ಹೊಟ್ಟು ಬೆರೆಸಿರಬೇಕು. ನಮ್ಮ ಸೀಮೆಯ ನೆಲ ನೋಡಿದವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು. ಕಲ್ಯಾಣದುರ್ಗದ ಶೇಂಗಾ ಬೆಳೆಯುವ ಕೆಂಪು ಗರಸು ಮಣ್ಣು ಬೇಸಿಗೆಯಲ್ಲಿ ಇಟ್ಟಿಗೆ ಹಾಗೆ ಆಗಿರುತ್ತದೆ. ಅದರ ಮೇಲೆ ಒಂದು ಟ್ಯಾಂಕರ್ ನೀರು ಚೆಲ್ಲಿ, ಸುಣ್ಣದಲ್ಲಿ ಗೆರೆ ಎಳೆದು ಅಂಕಣ ಅನ್ನುತ್ತೇವೆ. ಒಂದು ದಿನ ಮುಂಚೆ ಅಗೆದು, ಕೊಟ್ಟಿಗೆ ಗೊಬ್ಬರದ ಪುಡಿ ಮತ್ತು ಸಾಮಿಲ್ಲಿನ ಹೊಟ್ಟು ನಾಲ್ಕು ಗಾಡಿ ಹಾಕಿದರೆ ಎಷ್ಟೋ ಮೊಣಕಾಲು, ಎಷ್ಟೋ ಭುಜ ಉಳಿಯುತ್ತವೆ. ಸೌಂಡ್ ಸಿಸ್ಟಂಗೆ ಕೊಡುವ ಬಾಡಿಗೆಯಷ್ಟೂ ಅದಕ್ಕೆ ಬೇಡ.

ಕಾರ್ಡುಗಳು ರೆಫರಿಯ ಜೇಬಿನಲ್ಲೇ ಉಳಿಯುತ್ತವೆ. ಊರಹಬ್ಬದ ಪಂದ್ಯದಲ್ಲಿ ಸೀಟಿ ಹಿಡಿದವನು ಎಷ್ಟೋ ಕಡೆ ಪಕ್ಕದೂರಿನ ಹಳೇ ಆಟಗಾರ ಅಥವಾ ಡ್ರಿಲ್ ಮೇಷ್ಟ್ರು. ಅವರ ಬೆನ್ನ ಹಿಂದೆ ಆಯೋಜಕರು, ಎದುರಿಗೆ ಬಹುಮಾನ ಕೊಟ್ಟ ದಾನಿಗಳು, ಸುತ್ತ ಆ ಊರಿನ ಸಾವಿರ ಜನ. ಗಟ್ಟಿ ಕೈಯ ಆತಿಥೇಯ ಹುಡುಗನಿಗೆ ಹಳದಿ ಕಾರ್ಡ್ ತೋರಿಸಲು ಎದೆಗಾರಿಕೆ ಬೇಕು. ವಿಜಯನಗರದ ಆ ತೀರ್ಪುಗಾರನಿಗೆ ರಾಜನ ಬೆಂಬಲ ಇದ್ದಿರಬೇಕು. ಇವರಿಗೆ ಯಾರ ಬೆಂಬಲವೂ ಇಲ್ಲ. ಸಮಜೋಡಿಯ ವಿಷಯವೂ ಹೀಗೇ. 55 ಕೆ.ಜಿ., 60 ಕೆ.ಜಿ. ಅಂತ ತೂಕದ ಪಂದ್ಯ ಇಟ್ಟಲ್ಲಿ ಹುಡುಗರು ಊಟ ಬಿಟ್ಟು, ಈ ಬಿಸಿಲಲ್ಲಿ ನೀರು ಬಿಟ್ಟು ತೂಕ ಇಳಿಸಿಕೊಂಡು ಬರುತ್ತಾರೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ನೀರು ಬಿಟ್ಟು ಬೆವರಿಳಿಸುತ್ತಲೇ ಸತ್ತರು, ಆಮೇಲೆ ಅಲ್ಲಿ ನಿಯಮ ಬದಲಾಯಿತು. ತೂಕದ ಲೆಕ್ಕವೇ ಇಲ್ಲದ ಓಪನ್ ಪಂದ್ಯದಲ್ಲಿ ಐವತ್ತು ಕೆ.ಜಿ. ಹುಡುಗನ ಮೇಲೆ ಎಂಬತ್ತರವನು ಬೀಳುತ್ತಾನೆ.

ಸಾವಿಗಿಂತ ಸಾವಿರ ಪಾಲು ಸಾಮಾನ್ಯವಾದದ್ದು ಮೊಣಕಾಲಿನ ಪೆಟ್ಟು. ಅಕ್ಟೋಬರ್ 2022ರಲ್ಲಿ ಪ್ರೊ ಕಬಡ್ಡಿಯ ಒಂಬತ್ತನೇ ಋತು ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಶುರುವಾಯಿತು. ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟಿದ್ದ ಪವನ್ ಸೆಹ್ರಾವತ್ ಆ ವರ್ಷ 2 ಕೋಟಿ 26 ಲಕ್ಷಕ್ಕೆ ತಮಿಳು ತಲೈವಾಸ್ ಸೇರಿದ್ದರು, ಅಲ್ಲಿಯವರೆಗಿನ ಅತಿ ದೊಡ್ಡ ಮೊತ್ತ. ಗುಜರಾತ್ ಜೈಂಟ್ಸ್ ಎದುರು ಮೊದಲ ಪಂದ್ಯದ ಮೊದಲ ಅವಧಿಯಲ್ಲೇ ಎದುರಾಳಿಯನ್ನು ಹಿಡಿಯಲು ಹೋಗಿ ಅವರ ಮೊಣಕಾಲು ಕೈಕೊಟ್ಟಿತು. ಸ್ಟ್ರೆಚರ್ ಬಂತು. ಇಡೀ ಋತು ಹೋಯಿತು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ, ಪಕ್ಕದಲ್ಲಿ ತಜ್ಞರು. ಒಂದು ವರ್ಷದ ಮೇಲೆ, ಅಕ್ಟೋಬರ್ 2023ರಲ್ಲಿ, ಅದೇ ಪವನ್ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು. ತೆಲುಗು ಟೈಟನ್ಸ್ ಅವರನ್ನು 2 ಕೋಟಿ 60 ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡಿತು. ಕೆಟ್ಟ ಮೊಣಕಾಲು ಸರಿಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಹುಡುಗನಿಗೂ ಆಗುವುದು ಅದೇ ಗಾಯ. ಪಾದ ನೆಲದಲ್ಲಿ ಊರಿದೆ ಅಥವಾ ಒಬ್ಬನ ಕೈಯಲ್ಲಿ ಸಿಕ್ಕಿದೆ, ಮೇಲಿನ ದೇಹ ಗೆರೆಯ ಕಡೆ ತಿರುಗುತ್ತದೆ, ನಡುವೆ ಸಿಕ್ಕ ಮೊಣಕಾಲಿನೊಳಗೆ ತೊಡೆಮೂಳೆಯನ್ನೂ ಕಣಕಾಲ ಮೂಳೆಯನ್ನೂ ಹಿಡಿದಿಟ್ಟ ಎಸಿಎಲ್ ಎಂಬ ಲಿಗಮೆಂಟ್ ಹರಿಯುತ್ತದೆ. ಟಪ್ ಅಂತ ಸದ್ದು ಕೇಳಿತು ಅಂತ ಹುಡುಗರೇ ಹೇಳುತ್ತಾರೆ. ಹುಡುಗಿಯರಿಗೆ ಈ ಲಿಗಮೆಂಟ್ ಹರಿಯುವ ಸಾಧ್ಯತೆ ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ಶಾಲೆಗಳಲ್ಲಿ ಈಗ ಹುಡುಗಿಯರ ತಂಡಗಳು ಬಲವಾಗಿವೆ, ಅವರಿಗೆ ಇದನ್ನು ಹೇಳಿಕೊಡುವವರು ಕಡಿಮೆ. ಆಮೇಲಿನ ದಾರಿಯೂ ಎಲ್ಲರಿಗೂ ಗೊತ್ತಿರುವುದೇ. ಚಿತ್ತೂರು ಕಡೆಯ ಪುತ್ತೂರಿನ ಮೂಳೆಕಟ್ಟು ಈ ಸೀಮೆಯಲ್ಲೆಲ್ಲ ಹೆಸರುವಾಸಿ, ಬೋರ್ಡು ಇಲ್ಲದ ಊರಿಲ್ಲ. ಮೊಟ್ಟೆ, ಮೂಲಿಕೆ ರಸ ಹಚ್ಚಿ ಬಿದಿರು ದಬ್ಬೆ ಇಟ್ಟು ಕಟ್ಟುವ ಆ ವಿದ್ಯೆಯಿಂದ ಎಷ್ಟೋ ಬಡವರ ಕೈಕಾಲು ಕೂಡಿದೆ, ನಾನು ಅದನ್ನು ಹಗುರ ಮಾಡಲಾರೆ. ಆದರೆ ಹರಿದ ಲಿಗಮೆಂಟ್ ಮೂಳೆಯಲ್ಲ, ಅದು ಕಟ್ಟಿಗೆ ಕೂಡುವುದಿಲ್ಲ. ಬಿಗಿಯಾಗಿ ಕಟ್ಟಿದ ಕಟ್ಟಿನ ಕೆಳಗೆ ಬೆರಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ರಕ್ತದ ಓಟವೇ ನಿಂತಿದೆ ಎಂದು ಅರ್ಥ. ಆಗ ಗಂಟೆಗಳ ಲೆಕ್ಕದಲ್ಲಿ ಕಾಲು ಹೋಗುತ್ತದೆ. ಹಾಗಾಗದಿದ್ದರೆ ಬಾವು ಇಳಿದ ಮೇಲೆ ಹುಡುಗ ನಡೆಯುತ್ತಾನೆ, ಮತ್ತೆ ಆಡಲು ಹೋಗುತ್ತಾನೆ, ಮತ್ತೆ ಮೊಣಕಾಲು ಜಾರುತ್ತದೆ. ಇಪ್ಪತ್ತೈದಕ್ಕೆಲ್ಲ ಕೀಲು ಸವೆದು, ಶೇಂಗಾ ಕೀಳಲು ಕುಕ್ಕರಗಾಲಲ್ಲಿ ಕೂರಲಾಗದವನಾಗುತ್ತಾನೆ. ಹಿಂದೂಪುರದ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ಮೂಟೆ, ಬೆಲ್ಲದ ಪಿಂಡಿ ಹೊರುವ ಕೆಲಸಕ್ಕೂ ಮೊಣಕಾಲೇ ಬಂಡವಾಳ.

ಹಾಗಿದ್ದರೂ ಯಾಕೆ ಆಡುತ್ತಾರೆ ಅಂದರೆ, ಕಬಡ್ಡಿ ಇವರಿಗೆ ಬರೀ ಖುಷಿಯಲ್ಲ. ಒಂದು ಚೆಂಡು ಕೊಳ್ಳದೆ, ಬೂಟು ಕೊಳ್ಳದೆ ಸೇರಬಹುದಾದ ಆಟ ಇದು. ಕರ್ನಾಟಕದ ಕಡೆ ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತಂಡಗಳಲ್ಲಿ ಆಡಿ ಕೆಲಸ ಹಿಡಿದವರ ಕತೆ ಗಡಿಯ ಈಚೆಗೂ ಕೇಳಿಬರುತ್ತಿತ್ತು. ಆ ಎರಡು ಬ್ಯಾಂಕುಗಳೂ ಈಗ ಬೇರೆ ಬ್ಯಾಂಕುಗಳಲ್ಲಿ ಕರಗಿಹೋದವು. ಪೊಲೀಸ್, ರೈಲ್ವೆ ಆಸೆ ಉಳಿದಿದೆ. ಒಂದು ಸರ್ಟಿಫಿಕೇಟಿಗಾಗಿ, ನೋಡಲು ಬಂದಿರಬಹುದಾದ ಒಬ್ಬ ಕೋಚ್‌ಗಾಗಿ, ತಲೆ ಸುತ್ತುತ್ತಿದ್ದರೂ ಹುಡುಗ ಇಲ್ಲ ಅಣ್ಣ, ಆಡ್ತೀನಿ ಅನ್ನುತ್ತಾನೆ. ಅವನ ಆ ಮಾತನ್ನು ಒಪ್ಪಿಗೆ ಎಂದು ತಗೊಳ್ಳುವುದು ಸರಿಯೇ?

ಕಾನೂನು ಈ ಪ್ರಶ್ನೆಯನ್ನು 1860ರಲ್ಲೇ ಎತ್ತಿಕೊಂಡಿತ್ತು. ಭಾರತೀಯ ದಂಡ ಸಂಹಿತೆಯ 87ನೇ ಕಲಮು, ಜುಲೈ 1, 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 25ನೇ ಕಲಮು. ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರ ಉದಾಹರಣೆ ಅದರಲ್ಲಿದೆ. ಮೋಸವಿಲ್ಲದೆ ಆಡುವಾಗ ಆದ ನೋವಿಗೆ ಒಪ್ಪಿಗೆ ಇದ್ದ ಹಾಗೆ, ಅದು ಅಪರಾಧವಲ್ಲ. ಆದರೆ ಆ ರಕ್ಷಣೆಗೆ ಎರಡು ಕಟ್ಟು ಇವೆ. ಸಾವು ಅಥವಾ ತೀವ್ರ ಗಾಯ ತರುವ ಉದ್ದೇಶವಾಗಲಿ, ತರಬಹುದೆಂಬ ಅರಿವಾಗಲಿ ಇರಬಾರದು. ಮೂಳೆ ಮುರಿಯುವುದು, ಕೀಲು ತಪ್ಪುವುದು, ಹಲ್ಲು ಮುರಿಯುವುದು ಎಲ್ಲ ಕಾನೂನಿನ ಕಣ್ಣಲ್ಲಿ ತೀವ್ರ ಗಾಯವೇ. ಮತ್ತು ಒಪ್ಪಿಗೆ ಕೊಟ್ಟವನಿಗೆ 18 ದಾಟಿರಬೇಕು. ಡಿಸೆಂಬರ್ 26, 2023ರಂದು ಆಂಧ್ರ ಸರ್ಕಾರ 'ಆಡುದಾಂ ಆಂಧ್ರ' ಕ್ರೀಡಾಕೂಟ ಶುರುಮಾಡಿದಾಗ ಕಬಡ್ಡಿಯೂ ಸೇರಿ ಐದು ಆಟಗಳು 15,004 ಗ್ರಾಮ, ವಾರ್ಡ್ ಸಚಿವಾಲಯಗಳ ಮಟ್ಟದಲ್ಲಿ ನಡೆದವು. ನಮ್ಮ ಹಳ್ಳಿ ಹುಡುಗ ಹುಡುಗಿಯರು ಜೆರ್ಸಿ ಹಾಕಿ ಆಡಿದ್ದು ನೋಡಿ ಸಂತೋಷವಾಗಿತ್ತು. ಅಲ್ಲಿ 15 ದಾಟಿದವರೆಲ್ಲ ಆಡಬಹುದಿತ್ತು. ಹದಿನೈದರ ಹುಡುಗ ಹೂಂ ಅಂದದ್ದನ್ನು ನೆಪ ಮಾಡಿಕೊಂಡು ದೊಡ್ಡವರು ಕೈತೊಳೆದುಕೊಳ್ಳುವಂತಿಲ್ಲ.

ಜುಲೈ 2022ರಲ್ಲೇ ಬೆಂಗಳೂರಿನ ನಾಗರಬಾವಿ ಕಡೆ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಒಂದು ಹೊಡೆತಕ್ಕೆ ಬಿದ್ದು, ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ. ಸ್ಥಳದಲ್ಲಿ ವೈದ್ಯರಾಗಲಿ ಆಂಬುಲೆನ್ಸ್ ಆಗಲಿ ಇರಲಿಲ್ಲ ಎಂದು ಮನೆಯವರು ದೂರಿದರು, ಪೊಲೀಸರು ನಿರ್ಲಕ್ಷ್ಯದ ಕೇಸು ದಾಖಲಿಸಿದರು. ಅದು ರಾಜಧಾನಿಯೊಳಗೆ, ಆಸ್ಪತ್ರೆಗಳ ನಡುವೆ.

ಹಾಗಾದರೆ ಆಟವನ್ನೇ ನಿಲ್ಲಿಸಬೇಕೇ ಎಂದು ಅಮೆರಿಕದಲ್ಲಿ 1905ರಲ್ಲಿ ಕೇಳಿದ್ದರು. ಆ ವರ್ಷ ಅವರ ಫುಟ್‌ಬಾಲ್ ಆಡುತ್ತಾ 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಕರೆಸಿ ಕೂರಿಸಿಕೊಂಡರು. ಮರುವರ್ಷ ನಿಯಮಗಳು ಬದಲಾದವು. ಎಲ್ಲರೂ ಒಬ್ಬರ ಮೇಲೊಬ್ಬರು ರಾಶಿ ಬೀಳುವ ಆಟಕ್ಕೆ ಬದಲು ಚೆಂಡನ್ನು ಮುಂದಕ್ಕೆ ಎಸೆಯಲು ಬಿಟ್ಟರು. ಆಟ ಸಾಯಲಿಲ್ಲ, ಇನ್ನೂ ಸೊಗಸಾಯಿತು. ಅಲ್ಲಿಗೆ ಎಲ್ಲ ಮುಗಿಯಲೂ ಇಲ್ಲ. 2002ರಲ್ಲಿ ಪಿಟ್ಸ್‌ಬರ್ಗ್‌ನ ವೈದ್ಯ ಬೆನೆಟ್ ಒಮಾಲು ಹಳೆಯ ಆಟಗಾರನೊಬ್ಬನ ಮಿದುಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಬಿದ್ದ ಸಣ್ಣ ಪೆಟ್ಟುಗಳು ಮಿದುಳನ್ನು ಹೇಗೆ ತಿಂದುಹಾಕಿವೆ ಎಂದು ತೋರಿಸಿದರು. ಅದಾದ ಮೇಲೆ ತಲೆಗೆ ಪೆಟ್ಟು ಬಿದ್ದವನನ್ನು ಅನುಮಾನ ಬಂದ ಕೂಡಲೇ ಹೊರಗೆ ಕರೆಯಬೇಕು, ಅಂದು ಮರಳಿ ಬಿಡಬಾರದು ಅನ್ನುವುದು ಜಗತ್ತಿನ ಹಲವು ಆಟಗಳಲ್ಲಿ ಮೆಲ್ಲಗೆ ನಿಯಮವಾಗುತ್ತಿದೆ. ಕ್ರಿಕೆಟ್‌ನಲ್ಲಿ 2019ರಿಂದ ಅಂಥವನ ಬದಲಿಗೆ ಇನ್ನೊಬ್ಬ ಆಡಬಹುದು. ಇಂಥ ಅನುಮಾನ ಎತ್ತಲು ಯಂತ್ರ ಬೇಕಿಲ್ಲ, ಐದು ಪ್ರಶ್ನೆ ಸಾಕು. ಇದು ಯಾವ ಊರು, ಇದು ಮೊದಲ ಅವಧಿಯೋ ಎರಡನೆಯದೋ, ಕೊನೆಗೆ ಪಾಯಿಂಟ್ ತಂದದ್ದು ಯಾರು, ಹಿಂದಿನ ಪಂದ್ಯ ಯಾರ ಜೊತೆ, ಅದನ್ನು ಗೆದ್ದೆವೋ ಸೋತೆವೋ. ಮ್ಯಾಡಕ್ಸ್ ಪ್ರಶ್ನೆಗಳು ಅಂತ ಇವಕ್ಕೆ ಹೆಸರು. ಒಂದಕ್ಕೆ ತಡವರಿಸಿದರೂ ಹೊರಗೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಕಲ್ಯಾಣದುರ್ಗದ ಆಚೆಯ ಒಂದು ಊರಿನಲ್ಲಿ. ಸೀಟಿ ಹಿಡಿದಿದ್ದವರು ಅರವತ್ತರ ಹತ್ತಿರದ ನಿವೃತ್ತ ಮೇಷ್ಟ್ರು. ಎರಡನೇ ಅವಧಿ ಶುರುವಾಗಿ ಮೂರು ನಿಮಿಷ ಆಗಿತ್ತು. ಡ್ಯಾಶ್ ತಿಂದ ಹುಡುಗ ತಾನೇ ಎದ್ದ, ಜನ ಚಪ್ಪಾಳೆ ತಟ್ಟಿದರು, ಅವನು ತನ್ನ ಜಾಗಕ್ಕೆ ಹೋಗಿ ನಿಂತ. ಮೇಷ್ಟ್ರು ಸೀಟಿ ಊದಿ ಹತ್ತಿರ ಹೋದರು. ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದರು. ಹುಡುಗ ಸ್ಕೋರ್ ಬೋರ್ಡ್ ಕಡೆ ತಿರುಗಿದ, ಮೇಷ್ಟ್ರು ಅಡ್ಡ ನಿಂತು, "ನೋಡಬೇಡ, ಬಾಯಲ್ಲಿ ಹೇಳು" ಅಂದರು. ಹುಡುಗ ಮೊದಲ ಅವಧಿಯ ಸ್ಕೋರ್ ಹೇಳಿದ. ಮೇಷ್ಟ್ರು ಅವನ ತೋಳು ಹಿಡಿದು ಗೆರೆಯ ಹೊರಗೆ ನಡೆಸಿಕೊಂಡು ಬಂದರು. ಗಲಾಟೆ ಎದ್ದಿತು. ಆಯೋಜಕರಲ್ಲೊಬ್ಬರು ಬಂದು, "ಸಾರ್, ನಡ್ಕೊಂಡೇ ಬಂದ್ನಲ್ಲ, ಒಬ್ಬನೇ ರೈಡರ್ ಅವನು, ಬಿಡಿ ಸಾರ್" ಅಂದರು. ಮೇಷ್ಟ್ರು ಉತ್ತರ ಕೊಡದೆ ಬದಲಿ ಆಟಗಾರನಿಗೆ ಕೈಸನ್ನೆ ಮಾಡಿ ಸೀಟಿ ಊದಿದರು.

ಹುಡುಗನನ್ನು ನನ್ನ ಪಕ್ಕದ ಬೆಂಚಿನ ಮೇಲೆ ಕೂರಿಸಿದ್ದರು. ಅವನ ಅಕ್ಕನೋ ಅತ್ತಿಗೆಯೋ ಬಂದು ಸೆರಗಿನಿಂದ ಕತ್ತಿನ ಬೆವರು ಒರೆಸುತ್ತಿದ್ದಳು. ಅವನು ಅಂಕಣವನ್ನೇ ನೋಡುತ್ತಿದ್ದ.

"ಅಣ್ಣ, ಸೆಕೆಂಡ್ ಹಾಫ್ ಯಾವಾಗ ಶುರು?" ಅಂತ ನನ್ನನ್ನು ಕೇಳಿದ.

ಆಟ ನಡೀತಾ ಇದೆಯಪ್ಪ, ಅಂದೆ.

ತಲೆಯಾಡಿಸಿದ. ಒಂದು ನಿಮಿಷ ಬಿಟ್ಟು ನನ್ನ ಕಡೆ ತಿರುಗಿ, "ಅಣ್ಣ, ಸೆಕೆಂಡ್ ಹಾಫ್ ಯಾವಾಗ ಶುರು?" ಅಂದ.

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. ನಾನು 108ಕ್ಕೆ ಫೋನ್ ಮಾಡಿದೆ.